ಬೊಜ್ಜಿನ ವಂಶವಾಹಿಗಳು ಮತ್ತು ಮೂತ್ರಪಿಂಡದ ಕ್ಯಾನ್ಸರ್: ಬೆಂಗಳೂರು ಗ್ರಾಮಾಂತರದಿಂದ ಒಂದು ನೋಟ

ಬೊಜ್ಜು ಮೂತ್ರಪಿಂಡದ ಕ್ಯಾನ್ಸರಿಗೆ ದಾರಿ ಮಾಡಿಕೊಡುತ್ತದೆ ಎಂಬುದು ಇಂದು ಸಂಶಯವಿಲ್ಲದ ಮಾತು. ಕ್ಯಾನ್ಸರ್ ಬಂದ ಮೇಲೆ ರೋಗಿ ಎಷ್ಟು ಕಾಲ ಬದುಕುತ್ತಾರೆ, ಗಡ್ಡೆ ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಕೇಳಿದರೆ ಮಾತ್ರ ಅದೇ ಬೊಜ್ಜು ಬೇರೆಯೇ ಉತ್ತರ ಕೊಡುತ್ತದೆ. ಹಸಿವು, ಕೊಬ್ಬಿನ ಶೇಖರಣೆ, ಶಕ್ತಿಯ ಬಳಕೆ ಇವನ್ನು ನಿಭಾಯಿಸುವ ವಂಶವಾಹಿಗಳು ಈ ಎರಡೂ ಪ್ರಶ್ನೆಗಳಲ್ಲಿ ಪಾತ್ರ ವಹಿಸುತ್ತವೆ, ಆದರೆ ಒಂದೇ ರೀತಿಯಲ್ಲಲ್ಲ. ರೋಗ ಬರುವ ಸಾಧ್ಯತೆಯನ್ನು ಹುಟ್ಟಿನಿಂದ ಬಂದ ವ್ಯತ್ಯಾಸಗಳು ಏರಿಸುತ್ತವೆ. ರೋಗದ ಗತಿಯನ್ನು ಬಹುಮಟ್ಟಿಗೆ ಗಡ್ಡೆಯೊಳಗೆ ಯಾವ ವಂಶವಾಹಿ ಎಚ್ಚರವಾಗಿದೆ, ಯಾವುದು ಅಡಗಿದೆ ಎಂಬುದು ತೀರ್ಮಾನಿಸುತ್ತದೆ. ಇವೆರಡನ್ನು ಬೆರೆಸಿ ಓದಿದ್ದರಿಂದಲೇ ಈ ವಿಷಯದಲ್ಲಿ ಬಹಳಷ್ಟು ಗೊಂದಲ ಹುಟ್ಟಿದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಈ ವಿಷಯದೊಡನೆ ವಿಶೇಷ ಸಂಬಂಧವಿದೆ. ಭಾರತದ ಕ್ಯಾನ್ಸರ್ ಲೆಕ್ಕವನ್ನೆಲ್ಲ ಒಟ್ಟುಗೂಡಿಸುವ ಕೇಂದ್ರ ಇರುವುದು ಇಲ್ಲಿಯೇ.

ಕಣ್ಣಮಂಗಲದ ಲೆಕ್ಕದ ಮನೆ

ವಿಮಾನ ನಿಲ್ದಾಣದ ಟ್ರಂಪೆಟ್ ಮೇಲ್ಸೇತುವೆಯ ಪಕ್ಕದಲ್ಲಿ, ದೇವನಹಳ್ಳಿ ತಾಲ್ಲೂಕಿನ ಕಣ್ಣಮಂಗಲದಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವಿದೆ. 2011ರಲ್ಲಿ ಈ ರೂಪ ಪಡೆದ ಸಂಸ್ಥೆ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ನಡೆಸುತ್ತದೆ. ಈಶಾನ್ಯದ ಬೆಟ್ಟಗಳಿಂದ ಕೇರಳದ ತೀರದವರೆಗೆ ನೋಂದಣಿ ಘಟಕಗಳು ಬರೆದಿಟ್ಟ ಪ್ರತಿ ಕ್ಯಾನ್ಸರ್ ಪ್ರಕರಣವೂ ಇಲ್ಲಿಗೆ ಬಂದು ಸೇರುತ್ತದೆ. ಕಾರ್ಯಕ್ರಮ ಶುರುವಾದದ್ದು ಇದಕ್ಕೂ ಬಹಳ ಮೊದಲು. 1982ರ ಹೊತ್ತಿಗೆ ಮುಂಬಯಿ, ಮದ್ರಾಸುಗಳ ಜೊತೆಗೆ ಬೆಂಗಳೂರಿನಲ್ಲೂ ಜನಸಂಖ್ಯೆ ಆಧಾರಿತ ನೋಂದಣಿ ಕೆಲಸ ಆರಂಭಿಸಿತ್ತು. ಅದರ ಹೊಣೆ ಹೊತ್ತದ್ದು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ.

ಜನಸಂಖ್ಯೆ ಆಧಾರಿತ ನೋಂದಣಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಗೊತ್ತುಪಡಿಸಿದ ವ್ಯಾಪ್ತಿಯಲ್ಲಿ ವಾಸಿಸುವವರನ್ನು ಮಾತ್ರ ಎಣಿಸಬೇಕು. ಬೆಂಗಳೂರಿನ ನೋಂದಣಿ ಬೆಳೆದದ್ದು ನಗರದ ಎಲ್ಲೆಯನ್ನು ಹಿಡಿದು. ಹೀಗಾಗಿ ದೊಡ್ಡಬಳ್ಳಾಪುರದ ನೇಕಾರರೊಬ್ಬರು ಕಿದ್ವಾಯಿಯಲ್ಲಿ ಚಿಕಿತ್ಸೆ ಪಡೆದರೆ ಅವರ ಹೆಸರು ಆಸ್ಪತ್ರೆಯ ನೋಂದಣಿಯಲ್ಲಿ ಇರುತ್ತದೆ, ಆದರೆ ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಎಂದು ಹೇಳುವ ನಗರದ ಪ್ರಮಾಣಕ್ಕೆ ಅದು ಸೇರುವುದಿಲ್ಲ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಜನಸಂಖ್ಯೆ 9,90,923. ಸುಮಾರು ಹತ್ತು ಲಕ್ಷ ಜನ ದೇಶದ ಲೆಕ್ಕದ ಮನೆಯ ಅಂಗಳದಲ್ಲೇ ಇದ್ದೂ ಆ ಲೆಕ್ಕದ ಅಂಚಿನಲ್ಲಿ ಉಳಿದಿದ್ದಾರೆ. ಇದನ್ನು ಬರಿಯ ಆಡಳಿತದ ಗಡಿಯ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ವಂಶವಾಹಿಯ ಅಧ್ಯಯನಗಳೆಲ್ಲ ಯಾರಿಗೆ, ಎಲ್ಲಿ, ಯಾವ ವಯಸ್ಸಿನಲ್ಲಿ ರೋಗ ಬಂತು ಎಂಬ ಸಾದಾ ಎಣಿಕೆಯ ಮೇಲೆಯೇ ನಿಲ್ಲುತ್ತವೆ.

ಭಾರತದಲ್ಲಿ ಮೂತ್ರಪಿಂಡದ ಕ್ಯಾನ್ಸರ್ ವಿರಳ. ವರ್ಷಕ್ಕೆ ಲಕ್ಷಕ್ಕೆ ಒಂದೆರಡು ಜನರ ಆಸುಪಾಸಿನಲ್ಲಿದೆ, ಗಂಡಸರಲ್ಲಿ ಹೆಂಗಸರಿಗಿಂತ ಹೆಚ್ಚು. ಜಗತ್ತಿನಲ್ಲಿ 2022ರಲ್ಲಿ ಸುಮಾರು 4.3 ಲಕ್ಷ ಹೊಸ ರೋಗಿಗಳು ಪತ್ತೆಯಾದರು, ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ತೀರಿಕೊಂಡರು. ಬೊಜ್ಜು ಮಾತ್ರ ನಮ್ಮಲ್ಲಿ ವಿರಳವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವ ಮಹಿಳೆಯರು 2015–16ರಲ್ಲಿ ಶೇ 23.3 ಇದ್ದರು, 2019–21ರಲ್ಲಿ ಶೇ 30.1 ಆದರು. ಪುರುಷರಲ್ಲಿ ಶೇ 22.1 ಇದ್ದದ್ದು ಶೇ 30.9ಕ್ಕೆ ಏರಿತು. ವಿಮಾನ ನಿಲ್ದಾಣ 2008ರಲ್ಲಿ ತೆರೆದ ಮೇಲೆ ದೇವನಹಳ್ಳಿಯ ಸುತ್ತ, ಕೈಗಾರಿಕಾ ಪ್ರದೇಶಗಳು ಬಂದ ಮೇಲೆ ದಾಬಸ್‌ಪೇಟೆ, ಹೊಸಕೋಟೆಗಳ ಸುತ್ತ, ಹೊಲದ ಕೆಲಸ ಬಿಟ್ಟು ಪಾಳಿಯ ಕೆಲಸಕ್ಕೆ ಹೋದ ಕುಟುಂಬಗಳು ಈ ಏರಿಕೆಯನ್ನು ತಮ್ಮ ಮನೆಗಳಲ್ಲೇ ಕಾಣುತ್ತಿವೆ.

ಗಡ್ಡೆಯ ಸ್ವರೂಪ

ವಯಸ್ಕರ ಮೂತ್ರಪಿಂಡದ ಕ್ಯಾನ್ಸರುಗಳಲ್ಲಿ ಮುಕ್ಕಾಲು ಪಾಲು ‘ತಿಳಿಕೋಶ’ ಎಂಬ ಬಗೆಗೆ ಸೇರಿದವು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯನ್ನು ಸೀಳಿದರೆ ಒಳಗೆಲ್ಲ ಹೊಂಬಣ್ಣ. ಕೋಶಗಳೊಳಗೆ ಕೊಬ್ಬು, ಗ್ಲೈಕೋಜನ್ ತುಂಬಿರುವುದೇ ಅದಕ್ಕೆ ಕಾರಣ. ಸೂಕ್ಷ್ಮದರ್ಶಕಕ್ಕೆ ಸಿದ್ಧಪಡಿಸುವಾಗ ಈ ಕೊಬ್ಬು ಕರಗಿಹೋಗಿ ಕೋಶ ಖಾಲಿಯಾದಂತೆ ತೋರುತ್ತದೆ, ಹೆಸರು ಬಂದದ್ದು ಹಾಗೆ. ರೋಗಿ ಬಡಕಲಾಗಿರಲಿ, ದಪ್ಪವಾಗಿರಲಿ, ಈ ಗಡ್ಡೆಯ ಕೋಶಗಳೊಳಗೆ ಕೊಬ್ಬು ಇದ್ದೇ ಇರುತ್ತದೆ. ಮೈಯ ಬೊಜ್ಜು ಒಂದು, ಗಡ್ಡೆಯ ಬೊಜ್ಜು ಇನ್ನೊಂದು.

ಗಡ್ಡೆಯೊಳಗೆ ಕೊಬ್ಬು ತುಂಬುವುದರ ಮೂಲ ವಿಎಚ್ಎಲ್ ಎಂಬ ವಂಶವಾಹಿಯಲ್ಲಿದೆ. ಮೂರನೆಯ ವರ್ಣತಂತುವಿನಲ್ಲಿರುವ ಇದನ್ನು 1993ರಲ್ಲಿ ಗುರುತಿಸಲಾಯಿತು. ತಿಳಿಕೋಶ ಕ್ಯಾನ್ಸರುಗಳಲ್ಲಿ ಬಹುಪಾಲಿನವುಗಳಲ್ಲಿ ಇದು ಕೆಟ್ಟಿರುತ್ತದೆ ಅಥವಾ ಕಳೆದುಹೋಗಿರುತ್ತದೆ. ಕೋಶಕ್ಕೆ ಆಮ್ಲಜನಕ ಸಾಕಷ್ಟಿದ್ದಾಗ ಹಿಫ್ ಎಂಬ ಪ್ರೋಟೀನನ್ನು ನಾಶಕ್ಕೆ ಗುರುತು ಮಾಡುವುದು ವಿಎಚ್ಎಲ್‌ನ ಕೆಲಸ. ವಿಎಚ್ಎಲ್ ಇಲ್ಲವಾದರೆ ಉಸಿರಿಗೆ ಕೊರತೆಯಿಲ್ಲದಿದ್ದರೂ ಕೋಶ ಉಸಿರುಗಟ್ಟಿದಂತೆ ನಡೆದುಕೊಳ್ಳುತ್ತದೆ: ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ, ಕೊಬ್ಬನ್ನು ಉರಿಸುವುದನ್ನು ನಿಲ್ಲಿಸಿ ಕೂಡಿಡುತ್ತದೆ. ಕೊಬ್ಬನ್ನು ಮೈಟೊಕಾಂಡ್ರಿಯಾದೊಳಗೆ ಸಾಗಿಸುವ ಸಿಪಿಟಿ1ಎ ಎಂಬ ವಂಶವಾಹಿಯನ್ನು ಹಿಫ್ ಅದುಮಿಡುತ್ತದೆ ಎಂದು 2017ರಲ್ಲಿ ತೋರಿಸಲಾಯಿತು. ಕೋಶಗಳು ಆಮ್ಲಜನಕದ ಏರಿಳಿತವನ್ನು ಅರಿಯುವ ಈ ವ್ಯವಸ್ಥೆಯನ್ನು ಬಿಡಿಸಿಟ್ಟ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಹಿಫ್‌ನ ಒಂದು ಬಗೆಯಾದ ಹಿಫ್-2ನ್ನು ನೇರವಾಗಿ ತಡೆಯುವ ಬೆಲ್ಜುಟಿಫಾನ್ ಎಂಬ ಗುಳಿಗೆಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು.

ಕೂಡಿಟ್ಟ ಕೊಬ್ಬಿನ ಹನಿಗಳ ಮೇಲೆ ಕವಚದಂತೆ ಕೂರುವ ಪ್ರೋಟೀನು ಪೆರಿಲಿಪಿನ್-2. ಅದರ ವಂಶವಾಹಿ ಪಿಎಲ್ಐಎನ್2. ಬೊಜ್ಜಿನ ಅಧ್ಯಯನಗಳಲ್ಲೂ ಈ ಕ್ಯಾನ್ಸರಿನ ಅಧ್ಯಯನಗಳಲ್ಲೂ ಕಾಣಿಸುವ ಹೆಸರು ಇದು. ಹಿಫ್-2 ಹೆಚ್ಚಿದ ಗಡ್ಡೆಗಳಲ್ಲಿ ಇದೂ ಹೆಚ್ಚಿರುತ್ತದೆ ಮತ್ತು ಒತ್ತಡದಲ್ಲಿ ಗಡ್ಡೆಯ ಕೋಶ ಸಾಯದಂತೆ ಕಾಯುತ್ತದೆ. ಇದರ ಒಂದಂಶ ಮೂತ್ರದಲ್ಲೂ ಸೋರಿ ಬರುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪೆರಿಲಿಪಿನ್-2 ಮತ್ತು ಅಕ್ವಪೋರಿನ್-1 ಎಂಬ ಎರಡು ಪ್ರೋಟೀನುಗಳನ್ನು ಮೂತ್ರದಲ್ಲಿ ಅಳೆದು ಮೂತ್ರಪಿಂಡದ ಕ್ಯಾನ್ಸರನ್ನು ಗುರುತಿಸಬಹುದೆಂದು 2015ರಲ್ಲಿ ವರದಿ ಮಾಡಿದರು. ಅದು ಇನ್ನೂ ದಿನಬಳಕೆಯ ಪರೀಕ್ಷೆಯಾಗಿ ಆಸ್ಪತ್ರೆಗಳಿಗೆ ಇಳಿದಿಲ್ಲ. ಸ್ಕ್ಯಾನಿಂಗಿಗೆಂದು ಬಸ್ಸು ಹತ್ತಬೇಕಾದ ಊರುಗಳಿಗೆ ಒಂದು ಬಾಟಲಿ ಮೂತ್ರದಲ್ಲಿ ಮುಗಿಯುವ ಪರೀಕ್ಷೆ ಎಷ್ಟು ದೊಡ್ಡ ವರವಾದೀತೆಂಬುದನ್ನು ನೆನೆದರೆ, ಈ ದಿಕ್ಕಿನ ಕೆಲಸ ಇಷ್ಟು ನಿಧಾನವಾಗಿರುವುದು ಬೇಸರ ತರುತ್ತದೆ.

ಹುಟ್ಟಿನಿಂದ ಬಂದವು

ತಂದೆತಾಯಿಯಿಂದ ಬಂದು ಮೈಯ ಪ್ರತಿ ಕೋಶದಲ್ಲೂ ಇರುವ ವ್ಯತ್ಯಾಸವನ್ನು ಬಿತ್ತನೆಯ ರಾಗಿಯ ತಳಿಗುಣ ಎನ್ನಬಹುದಾದರೆ, ಗಡ್ಡೆಯಲ್ಲಿ ಮಾತ್ರ ಕಾಣುವ ಬದಲಾವಣೆ ಬೆಳೆದ ಹೊಲದ ಒಂದು ತೆನೆಗೆ ತಗುಲಿದ ರೋಗ. ಮೊದಲನೆಯದು ಮಕ್ಕಳಿಗೆ ದಾಟುತ್ತದೆ, ಎರಡನೆಯದು ದಾಟುವುದಿಲ್ಲ.

ಬೊಜ್ಜಿನ ವಂಶವಾಹಿಗಳ ಚರಿತ್ರೆ 1994ರಲ್ಲಿ ಲೆಪ್ಟಿನ್ ವಂಶವಾಹಿಯ ಪತ್ತೆಯೊಂದಿಗೆ ಹೊಸ ತಿರುವು ಪಡೆಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಇದನ್ನು ಗುರುತಿಸಿತು. ಕೊಬ್ಬಿನ ಕೋಶಗಳೇ ಸ್ರವಿಸುವ ಲೆಪ್ಟಿನ್ ಮಿದುಳಿಗೆ ‘ಸಾಕು’ ಎಂದು ಹೇಳುವ ಹಾರ್ಮೋನು. 2007ರಲ್ಲಿ ಎಫ್‌ಟಿಒ ಎಂಬ ವಂಶವಾಹಿಯ ಸಾಮಾನ್ಯ ವ್ಯತ್ಯಾಸವೊಂದು ತೂಕವನ್ನು ಏರಿಸುತ್ತದೆ ಎಂದು ಗೊತ್ತಾಯಿತು. ಮರುವರ್ಷ ಬಂದ ಅಧ್ಯಯನ ನಮಗೆ ಹೆಚ್ಚು ಹತ್ತಿರದ್ದು: ಲಂಡನ್ನಿನಲ್ಲಿ ನೆಲೆಸಿದ ಭಾರತೀಯ ಮೂಲದವರನ್ನು ಪರೀಕ್ಷಿಸಿದಾಗ, ಎಂಸಿ4ಆರ್ ವಂಶವಾಹಿಯ ಬಳಿಯ ಒಂದು ವ್ಯತ್ಯಾಸ ಸೊಂಟದ ಸುತ್ತಳತೆಯನ್ನೂ ಇನ್ಸುಲಿನ್‌ಗೆ ಮೈ ಜಗ್ಗದ ಗುಣವನ್ನೂ ಹೆಚ್ಚಿಸುತ್ತದೆ ಎಂದೂ, ಅದು ಯುರೋಪಿನವರಿಗಿಂತ ಭಾರತೀಯರಲ್ಲಿ ಹೆಚ್ಚು ವ್ಯಾಪಕವೆಂದೂ ಕಂಡುಬಂತು.

ಇಂಥ ವ್ಯತ್ಯಾಸ ಒಂದೊಂದರ ಪ್ರಭಾವವೂ ಚಿಕ್ಕದು. ನೂರಾರು ವ್ಯತ್ಯಾಸಗಳನ್ನು ಒಟ್ಟಿಗೆ ಕೂಡಿಸಿ ನೋಡಿದಾಗ ಅವುಗಳಿಗೆ ಬೇರೊಂದು ಪ್ರಯೋಜನವಿದೆ. ದಪ್ಪಗಿರುವವರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕುಳಿತು ಮಾಡುವ ಕೆಲಸ ಇವೆಲ್ಲ ಒಟ್ಟೊಟ್ಟಿಗೆ ಇರುತ್ತವೆ. ತಪ್ಪು ಯಾವುದರದೆಂದು ಬಿಡಿಸುವುದು ಕಷ್ಟ. ವಂಶವಾಹಿಗಳಾದರೋ ಹುಟ್ಟುವಾಗಲೇ ಹಂಚಿಕೆಯಾಗಿರುತ್ತವೆ, ಮುಂದೆ ಬರುವ ಕಾಯಿಲೆ ಅವನ್ನು ಬದಲಿಸಲಾರದು. ಆದ್ದರಿಂದ ತೂಕ ಏರಿಸುವ ವಂಶವಾಹಿಗಳು ಹೆಚ್ಚಿರುವವರಲ್ಲಿ ಕ್ಯಾನ್ಸರೂ ಹೆಚ್ಚಿದ್ದರೆ ತೂಕವೇ ಕಾರಣವೆಂದು ಹೇಳುವ ಧೈರ್ಯ ಬರುತ್ತದೆ. 2019ರಲ್ಲಿ ಪ್ರಕಟವಾದ ಇಂಥದೊಂದು ಅಧ್ಯಯನ ಹತ್ತು ಸಾವಿರಕ್ಕೂ ಹೆಚ್ಚು ಮೂತ್ರಪಿಂಡ ಕ್ಯಾನ್ಸರ್ ರೋಗಿಗಳ ಮಾಹಿತಿಯನ್ನು ಬಳಸಿತು. ವಂಶವಾಹಿಗಳಿಂದ ಅಂದಾಜಿಸಿದ ದೇಹತೂಕ ಸೂಚ್ಯಂಕ ಒಂದು ಪ್ರಮಾಣ ವಿಚಲನೆಯಷ್ಟು ಏರಿದರೆ ರೋಗದ ಸಂಭವ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತದೆ ಎಂದು ಅದು ತೋರಿಸಿತು. ಉಪವಾಸದಲ್ಲಿ ಅಳೆದ ಇನ್ಸುಲಿನ್ ಮತ್ತು ಕೆಳಗಿನ (ಡಯಾಸ್ಟೊಲಿಕ್) ರಕ್ತದೊತ್ತಡದ ಏರಿಕೆ ಕೂಡ ಕಾರಣಗಳಾಗಿ ಹೊಮ್ಮಿದವು. ರಕ್ತದ ಕೊಲೆಸ್ಟರಾಲಿಗೆ ಅಂಥ ಪುರಾವೆ ಸಿಗಲಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲೇ ಬೊಜ್ಜಿನೊಡನೆ ಗಟ್ಟಿ ಸಂಬಂಧವಿರುವ 13 ಕ್ಯಾನ್ಸರುಗಳ ಪಟ್ಟಿಯಲ್ಲಿ ಮೂತ್ರಪಿಂಡದ ಕ್ಯಾನ್ಸರನ್ನು ಸೇರಿಸಿತ್ತು. 2024ರ ಹೊತ್ತಿಗೆ ಈ ಕ್ಯಾನ್ಸರಿನ ಸಂಭವವನ್ನು ಪ್ರಭಾವಿಸುವ 63 ನೆಲೆಗಳು ಮಾನವ ಜೀನೋಮಿನಲ್ಲಿ ಗುರುತಾಗಿದ್ದವು.

ದಪ್ಪಗಿದ್ದವರು ಹೆಚ್ಚು ಬದುಕುವರೇ

ರೋಗ ತರುವ ಬೊಜ್ಜು ರೋಗ ಬಂದ ಮೇಲೆ ಕಾಯುತ್ತದೆಯೇ? ಹಲವು ಆಸ್ಪತ್ರೆಗಳ ಅಂಕಿಅಂಶ ಹೌದೆನ್ನುವಂತಿತ್ತು. ಮೈಯೆಲ್ಲ ಹರಡಿದ ಮೂತ್ರಪಿಂಡ ಕ್ಯಾನ್ಸರಿಗೆ ಗುರಿನಿರ್ದಿಷ್ಟ ಔಷಧ ಪಡೆದ 1,975 ರೋಗಿಗಳ ಅಧ್ಯಯನವೊಂದು 2016ರಲ್ಲಿ ಬಂತು. ಸೂಚ್ಯಂಕ 25 ಮತ್ತು ಅದಕ್ಕಿಂತ ಹೆಚ್ಚಿದ್ದವರಲ್ಲಿ ಅರ್ಧದಷ್ಟು ಜನ 25.6 ತಿಂಗಳು ದಾಟಿ ಬದುಕಿದರೆ, ಕಡಿಮೆಯಿದ್ದವರಲ್ಲಿ ಅರ್ಧದಷ್ಟು ಜನ ದಾಟಿದ್ದು 17.1 ತಿಂಗಳು. ಇದನ್ನು ಬೊಜ್ಜಿನ ವಿರೋಧಾಭಾಸ ಎಂದು ಕರೆದರು.

ಇದನ್ನು ಓದಿ ಬೊಜ್ಜು ಒಳ್ಳೆಯದೆಂದು ತಿಳಿಯುವುದು ದೊಡ್ಡ ತಪ್ಪಾಗುತ್ತದೆ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿದ 2013ರ ಅಧ್ಯಯನ ವಿಷಯವನ್ನು ಎಚ್ಚರದಿಂದ ಬಿಡಿಸಿತು. ದಪ್ಪಗಿದ್ದವರ ಗಡ್ಡೆಗಳು ಪತ್ತೆಯಾದಾಗಲೇ ಕಡಿಮೆ ಹಂತದಲ್ಲಿದ್ದವು. ಹಂತ ಮತ್ತು ದರ್ಜೆಯನ್ನು ಲೆಕ್ಕಕ್ಕೆ ಹಿಡಿದ ಮೇಲೆ ಬದುಕಿನ ಅಂತರ ಉಳಿಯಲಿಲ್ಲ. ಸಕ್ಕರೆ, ಬಿಪಿ ಎಂದು ಆಸ್ಪತ್ರೆಗೆ ಓಡಾಡುವವರ ಹೊಟ್ಟೆಯ ಸ್ಕ್ಯಾನಿಂಗ್ ಹೆಚ್ಚು ಸಲ ನಡೆಯುವುದರಿಂದ ಗಡ್ಡೆ ಬೇಗ ಕಣ್ಣಿಗೆ ಬೀಳುವ ಸಾಧ್ಯತೆಯೂ ಇದೆ. ಇನ್ನೊಂದು ಕಡೆ, ಕ್ಯಾನ್ಸರ್ ಮುಂದುವರಿದಾಗ ಮೈ ಸೊರಗುತ್ತದೆ. ಹಾಗಾಗಿ ‘ತೆಳ್ಳಗಿನವರು’ ಎಂಬ ಗುಂಪಿನಲ್ಲಿ ರೋಗದಿಂದಲೇ ತೆಳ್ಳಗಾದವರು ಸೇರಿಕೊಂಡು ಆ ಗುಂಪಿನ ಆಯಸ್ಸನ್ನು ತಗ್ಗಿಸಿ ತೋರಿಸುತ್ತಾರೆ. ದೊಡ್ಡಬಳ್ಳಾಪುರದಲ್ಲಾಗಲಿ ನೆಲಮಂಗಲದಲ್ಲಾಗಲಿ ತೂಕ ಇಳಿದರೆ ‘ಶುಗರ್‌ಗೆ ಇಳಿದಿದೆ’ ಎಂದುಕೊಂಡು ಸುಮ್ಮನಿರುವುದು ಸಾಮಾನ್ಯ. ಬಯಸದೆ ಇಳಿದ ತೂಕವನ್ನು ಹಾಗೆ ಬಿಡಬಾರದು.

ಎಲ್ಲವೂ ಲೆಕ್ಕದ ಭ್ರಮೆಯಲ್ಲ ಎಂಬುದು ಗಡ್ಡೆಯೊಳಗಿನ ವಂಶವಾಹಿಗಳನ್ನು ನೋಡಿದಾಗ ಗೊತ್ತಾಗುತ್ತದೆ. ಅದೇ 2013ರ ಅಧ್ಯಯನದಲ್ಲಿ, ಕೊಬ್ಬಿನಾಮ್ಲವನ್ನು ಹೊಸದಾಗಿ ತಯಾರಿಸುವ ಎಫ್‌ಎಎಸ್‌ಎನ್ ಎಂಬ ವಂಶವಾಹಿ ದಪ್ಪಗಿದ್ದವರ ಗಡ್ಡೆಗಳಲ್ಲಿ ಕಡಿಮೆ ಚುರುಕಾಗಿತ್ತು. ಈ ವಂಶವಾಹಿ ಚುರುಕಾಗಿರುವ ಗಡ್ಡೆಗಳು ಹೆಚ್ಚು ಉಗ್ರವಾಗಿ ನಡೆದುಕೊಳ್ಳುತ್ತವೆ. ಮೈಯಲ್ಲಿ ಕೊಬ್ಬು ಧಾರಾಳವಾಗಿರುವಾಗ ಗಡ್ಡೆ ತಾನೇ ತಯಾರಿಸುವ ಗೋಜಿಗೆ ಹೋಗದೆ ಸುತ್ತಲಿನಿಂದ ಪಡೆಯುತ್ತದೆ ಎಂಬುದು ಒಂದು ವಿವರಣೆ. 2020ರ ಇನ್ನೊಂದು ಅಧ್ಯಯನ ದಪ್ಪಗಿದ್ದವರ ಗಡ್ಡೆಗಳಲ್ಲಿ ರಕ್ತನಾಳ ಬೆಳೆಸುವ ವಂಶವಾಹಿಗಳು ಹೆಚ್ಚು ಎಚ್ಚರವಾಗಿರುವುದನ್ನೂ, ಗಡ್ಡೆಯ ಸುತ್ತಲಿನ ಕೊಬ್ಬಿನಲ್ಲಿ ಉರಿಯೂತ ಹೆಚ್ಚಿರುವುದನ್ನೂ ಕಂಡಿತು. ರಕ್ತನಾಳಗಳನ್ನು ಕತ್ತರಿಸುವ ಸುನಿಟಿನಿಬ್‌ನಂಥ ಔಷಧಗಳು ರಕ್ತನಾಳ ಹೆಚ್ಚಿರುವ ಗಡ್ಡೆಗಳ ಮೇಲೆಯೇ ಚೆನ್ನಾಗಿ ಕೆಲಸ ಮಾಡುತ್ತವೆ. ಅಲ್ಲಿಗೆ ತಿಂಗಳುಗಳ ಅಂತರಕ್ಕೆ ಒಂದು ಕಾರಣ ಸಿಕ್ಕಂತಾಯಿತು. ಪ್ರತಿರಕ್ಷಾ ಔಷಧಗಳ ವಿಷಯದಲ್ಲಿ 2019ರ ಪ್ರಯೋಗಗಳು ಲೆಪ್ಟಿನ್ನಿನ ಕಡೆ ಬೆರಳು ತೋರಿದವು. ಲೆಪ್ಟಿನ್ ಹೆಚ್ಚಿದಾಗ ಕ್ಯಾನ್ಸರಿನೊಡನೆ ಹೋರಾಡುವ ಟಿ-ಕೋಶಗಳು ಬೇಗ ಬಳಲುತ್ತವೆ, ಗಡ್ಡೆ ಬೇಗ ಬೆಳೆಯುತ್ತದೆ. ಆ ಬಳಲಿಕೆಯನ್ನು ತೆಗೆಯುವ ಔಷಧ ಕೊಟ್ಟಾಗ ಪರಿಣಾಮವೂ ಹೆಚ್ಚು.

ಬಾಳಿನ ಅವಧಿಯನ್ನು ನಿರ್ಧರಿಸುವುದರಲ್ಲಿ ಬೊಜ್ಜಿಗೆ ನೇರ ಸಂಬಂಧವಿಲ್ಲದ ವಂಶವಾಹಿಗಳೂ ಇವೆ. ಹತ್ತರಲ್ಲಿ ಸುಮಾರು ನಾಲ್ಕು ತಿಳಿಕೋಶ ಗಡ್ಡೆಗಳಲ್ಲಿ ಪಿಬಿಆರ್‌ಎಂ1 ಕೆಟ್ಟಿರುತ್ತದೆ, ಹತ್ತರಲ್ಲಿ ಒಂದರಲ್ಲಿ ಬಿಎಪಿ1. ಎರಡನೆಯದು ಕೆಟ್ಟವರ ಗತಿ ಹೆಚ್ಚು ಕಠಿಣ.

ಎಫ್‌ಟಿಒ: ಎರಡು ಮುಖ

ಬೊಜ್ಜಿನ ಅಧ್ಯಯನದಲ್ಲಿ ಹೆಸರಾದ ಎಫ್‌ಟಿಒ, ಆರ್‌ಎನ್‌ಎ ಮೇಲಿನ ಮೀಥೈಲ್ ಗುರುತುಗಳನ್ನು ಅಳಿಸುವ ಕಿಣ್ವವೆಂದು 2011ರಲ್ಲಿ ತಿಳಿದುಬಂತು. ಮೂತ್ರಪಿಂಡದ ಗಡ್ಡೆಯಲ್ಲಿ ಅದರ ಕೆಲಸವೇನು ಎಂಬುದಕ್ಕೆ ಪರಸ್ಪರ ಎದುರಾಗಿ ನಿಲ್ಲುವ ಎರಡು ಉತ್ತರಗಳಿವೆ. ಎಫ್‌ಟಿಒ ಗಡ್ಡೆಯನ್ನು ಹತ್ತಿಕ್ಕುತ್ತದೆ, ಅದು ಕಡಿಮೆಯಿರುವ ರೋಗಿಗಳ ಗತಿ ಕೆಟ್ಟದ್ದು ಎಂದು 2019ರ ಅಧ್ಯಯನ ಹೇಳಿತು. ಮರುವರ್ಷದ ಇನ್ನೊಂದು ಅಧ್ಯಯನ, ವಿಎಚ್ಎಲ್ ಕಳೆದುಕೊಂಡ ಕೋಶಗಳು ಬದುಕಲು ಎಫ್‌ಟಿಒವನ್ನೇ ನೆಚ್ಚಿಕೊಂಡಿವೆ, ಅದನ್ನು ತಡೆದರೆ ಅವು ಸಾಯುತ್ತವೆ ಎಂದಿತು. ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನು ಒಳಗೆಳೆಯುವ ದ್ವಾರಕ್ಕೆ ಎಫ್‌ಟಿಒ ನೆರವಾಗುವುದೇ ಇದಕ್ಕೆ ಕಾರಣವೆಂದೂ ತೋರಿಸಿತು. ಎಫ್‌ಟಿಒ ತಡೆಯುವ ಔಷಧ ಮಾಡಬೇಕೆ, ಹೆಚ್ಚಿಸುವ ಔಷಧ ಮಾಡಬೇಕೆ ಎಂಬುದು ಯಾವ ಗಡ್ಡೆ ಎಂಬುದರ ಮೇಲೆ ನಿಂತಿದೆ. ತೂಕ ಏರಿಸುವ ಹುಟ್ಟಿನ ವ್ಯತ್ಯಾಸವಂತೂ ಬೇರೆಯೇ ದಾರಿ ಹಿಡಿಯುತ್ತದೆ: ಅದು ಬಹುಪಾಲು ಎಫ್‌ಟಿಒವನ್ನಲ್ಲ, ದೂರದ ಐಆರ್‌ಎಕ್ಸ್3 ಎಂಬ ವಂಶವಾಹಿಯನ್ನು ಎಚ್ಚರಿಸುತ್ತದೆ ಎಂದು 2014ರಿಂದೀಚೆಗೆ ಗೊತ್ತಾಗಿದೆ. ‘ಬೊಜ್ಜಿನ ಜೀನ್ ಇದೆ, ಆದ್ದರಿಂದ ಗಡ್ಡೆ ಹೀಗೆ ನಡೆದುಕೊಳ್ಳುತ್ತದೆ’ ಎಂದು ಸರಳವಾಗಿ ಹೇಳುವ ಜಾಹೀರಾತಿನ ಪರೀಕ್ಷೆಗಳನ್ನು ಈ ಕಾರಣಕ್ಕೇ ನಂಬಬಾರದು.

ನಮ್ಮ ಮೈ, ಅವರ ಅಳತೆ

ಮೇಲೆ ಹೇಳಿದ ಅಧ್ಯಯನಗಳ ರೋಗಿಗಳಲ್ಲಿ ಬಹುತೇಕರು ಯುರೋಪ್, ಅಮೆರಿಕದವರು. 2024ರಲ್ಲಿ 11 ದೇಶಗಳ 962 ತಿಳಿಕೋಶ ಗಡ್ಡೆಗಳ ಪೂರ್ತಿ ಜೀನೋಮ್ ಓದಿದ ದೊಡ್ಡ ಕೆಲಸದಲ್ಲಿ ಥಾಯ್ಲೆಂಡ್, ಜಪಾನ್ ಇದ್ದವು, ಭಾರತ ಇರಲಿಲ್ಲ. ಇದು ಏಕೆ ಮುಖ್ಯವೆಂದರೆ ಭಾರತೀಯರ ಮೈಯಲ್ಲಿ ಕೊಬ್ಬು ಕೂರುವ ರೀತಿಯೇ ಬೇರೆ. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 2003ರಲ್ಲಿ, ನಮ್ಮ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿ ಬಹಳ ಕಡಿಮೆಯಿದ್ದರೂ ಚರ್ಮದಡಿಯ ಕೊಬ್ಬನ್ನು ಉಳಿಸಿಕೊಂಡಿರುವುದನ್ನು ತೋರಿಸಿತು. ಅದೇ ತಂಡ 2009ರಲ್ಲಿ, ಎಫ್‌ಟಿಒ ವ್ಯತ್ಯಾಸ ಭಾರತೀಯರಲ್ಲಿ ತೂಕವನ್ನು ಪೂರ್ತಿ ಅವಲಂಬಿಸದೆಯೂ ಸಕ್ಕರೆ ಕಾಯಿಲೆಯೊಡನೆ ನಂಟು ಹೊಂದಿರುವುದನ್ನು ವರದಿ ಮಾಡಿತು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬಂಥ ಮೈಕಟ್ಟಿಗೆ ಸೂಚ್ಯಂಕ 25 ಎಂಬ ಗೆರೆ ಹೊಂದುವುದಿಲ್ಲ. ಭಾರತೀಯ ವೈದ್ಯರು 23ಕ್ಕೇ ಅಧಿಕ ತೂಕವೆಂದೂ 25ಕ್ಕೇ ಬೊಜ್ಜೆಂದೂ ಎಣಿಸುತ್ತಾರೆ. ಸೊಂಟದ ಸುತ್ತಳತೆಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ಗಡಿ. ಅಮೆರಿಕದ ಅಧ್ಯಯನದಲ್ಲಿ ‘ಸಾಮಾನ್ಯ ತೂಕ’ದ ಗುಂಪಿಗೆ ಸೇರಿಬಿಡುವ ಹೊಸಕೋಟೆಯ ಒಬ್ಬ ರೋಗಿಯ ಹೊಟ್ಟೆಯೊಳಗೆ, ಮೂತ್ರಪಿಂಡದ ಸುತ್ತ, ಬೇಕಾದಷ್ಟು ಕೊಬ್ಬಿರಬಹುದು. ಅವರ ಗಡ್ಡೆಯಲ್ಲಿ ಎಫ್‌ಎಎಸ್‌ಎನ್ ಹೇಗಿರುತ್ತದೆಂದು ನ್ಯೂಯಾರ್ಕಿನ ಕೋಷ್ಟಕ ನೋಡಿ ಊಹಿಸುವುದು ಸಲ್ಲದು.

ತಾಲ್ಲೂಕಿನ ಮಟ್ಟದಲ್ಲಿ

ಇಲ್ಲಿನ ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗೆ ಹೋಗಿ ತುಂಬುವ ಹಾಳೆಯಲ್ಲಿ ಸೊಂಟದ ಸುತ್ತಳತೆಗೆ ಅಂಕಗಳಿವೆ. ಬಿಪಿ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆ ಈ ಕಾರ್ಯಕ್ರಮದಲ್ಲಿದೆ. ಮೂತ್ರಪಿಂಡದ ಕ್ಯಾನ್ಸರಿಗೆ ಸಾಮೂಹಿಕ ತಪಾಸಣೆ ಜಗತ್ತಿನಲ್ಲಿ ಎಲ್ಲೂ ರೂಢಿಯಲ್ಲಿಲ್ಲ, ವಿರಳ ರೋಗಕ್ಕೆ ಅದು ಹೊಂದುವುದೂ ಇಲ್ಲ. ಆದರೂ ಆ ಟೇಪಿನ ಅಳತೆ ಮತ್ತು ಬಿಪಿ ಪಟ್ಟಿ ಈ ಕ್ಯಾನ್ಸರಿನ ಎರಡು ದೊಡ್ಡ ಕಾರಣಗಳನ್ನು ಈಗಾಗಲೇ ಅಳೆಯುತ್ತಿವೆ. ಕಾರ್ಯಕರ್ತೆಯರ ಆ ಶ್ರಮಕ್ಕೆ ಸಿಗಬೇಕಾದ ಬೆಲೆ ಸಿಕ್ಕಿಲ್ಲ ಎಂದು ಇಲ್ಲಿ ಹೇಳಲೇಬೇಕು.

ರೋಗದ ಗತಿಯನ್ನು ಇಂದು ಹೆಚ್ಚು ಬದಲಿಸುವುದು ಪತ್ತೆಯಾಗುವ ಹೊತ್ತು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋದರೆ ‘ಉಷ್ಣ ಆಗಿದೆ’ ಎಂದು ಎಳನೀರು, ಬಾರ್ಲಿ ನೀರು ಕುಡಿದು ಸುಮ್ಮನಾಗುವುದುಂಟು. ಒಂದೆರಡು ದಿನದಲ್ಲಿ ರಕ್ತ ತಾನೇ ನಿಲ್ಲುವುದರಿಂದ ಎಳನೀರಿನಿಂದಲೇ ವಾಸಿಯಾಯಿತೆಂಬ ನಂಬಿಕೆಯೂ ಬರುತ್ತದೆ. ಮೂತ್ರಪಿಂಡದೊಳಗೇ ಇರುವ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ಬಹಳಷ್ಟು ಜನ ಪೂರ್ತಿ ಗುಣವಾಗುತ್ತಾರೆ. ಶ್ವಾಸಕೋಶಕ್ಕೋ ಎಲುಬಿಗೋ ಹರಡಿದ ಮೇಲೆ ಮಾತು ತಿಂಗಳುಗಳಿಗೆ ಇಳಿಯುತ್ತದೆ. ವಂಶವಾಹಿ ಪರೀಕ್ಷೆ ಬೇಕಾಗುವುದು ಚಿಕ್ಕ ವಯಸ್ಸಿನಲ್ಲಿ ರೋಗ ಬಂದವರಿಗೆ, ಎರಡೂ ಮೂತ್ರಪಿಂಡಗಳಲ್ಲಿ ಗಡ್ಡೆಯಿರುವವರಿಗೆ, ಮನೆತನದಲ್ಲಿ ಇನ್ನೊಬ್ಬರಿಗೆ ಇದೇ ರೋಗವಿದ್ದವರಿಗೆ. ಅದು ವಿಎಚ್ಎಲ್‌ನಂಥ ವಂಶವಾಹಿಗಳಿಗಾಗಿ, ಬೊಜ್ಜಿನ ವಂಶವಾಹಿಗಳಿಗಾಗಿ ಅಲ್ಲ.

ಕೊರತೆ ತುಂಬುವ ಸಾಮಗ್ರಿ ದೂರವೇನಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆ ದೇಶದ ಬೇರೆ ಬೇರೆ ಸಮುದಾಯಗಳ ಹತ್ತು ಸಾವಿರ ಜನರ ಜೀನೋಮನ್ನು ಓದಿದೆ. ಆ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಆರೋಗ್ಯವಂತರಲ್ಲಿ ಎಂಸಿ4ಆರ್, ಎಫ್‌ಟಿಒ ವ್ಯತ್ಯಾಸಗಳು ಎಷ್ಟಿವೆ ಎಂಬುದಕ್ಕೆ ಅದು ಆಧಾರ. ಕಿದ್ವಾಯಿಯಲ್ಲೂ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆಯಲ್ಲೂ ಶಸ್ತ್ರಚಿಕಿತ್ಸೆಯ ದಿನ ತೆಗೆದ ಗಡ್ಡೆಯ ಒಂದು ಚೂರು, ಅದರ ಸುತ್ತಲಿನ ಕೊಬ್ಬಿನ ಒಂದು ಚೂರು, ರೋಗಿಯ ಸೊಂಟದ ಅಳತೆ, ಆರು ತಿಂಗಳ ಹಿಂದಿನ ತೂಕ ಇವಿಷ್ಟನ್ನು ಒಪ್ಪಿಗೆ ಪಡೆದು ಕಾಪಿಟ್ಟು, ಐದು ವರ್ಷ ರೋಗಿಯ ಬೆನ್ನು ಬಿಡದೆ ವಿಚಾರಿಸಿದರೆ, ಕಣ್ಣಮಂಗಲದ ದಾಖಲೆಗಳೊಡನೆ ಅದನ್ನು ಜೋಡಿಸಿ ನೋಡಬಹುದು.